ಲಕ್ಷ್ಮಿ ಪಟದ ಅಡಿಯ ಹೆಸರು

ಅವತ್ತು ಮಂಗಳವಾರ. ಹಿತ್ತಲ ಬಾಗಿಲಲ್ಲಿ ಕೂತು, ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತುಕುತ್ತಿದ್ದೆ. ಧನುರ್ಮಾಸದಲ್ಲಿ ನಮ್ಮ ಕಡೆ ಯಾವ ಮನೆಗೆ ಹೋದರೂ ಹೆಂಗಸರ ಬೆರಳಿಗೆ ಇದೇ ಕೆಲಸ. ಎರಡು ಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅರ್ಧ ಪಾತ್ರೆ ಆಗಿತ್ತು, ಮೊಬೈಲು ಬಡಿದುಕೊಂಡಿತು. ಕೈಯೆಲ್ಲಾ ಲೋಳೆ. ಸೆರಗಿಗೆ ಒಂದು ಬೆರಳು ಒರೆಸಿ ಸ್ಪೀಕರ್ ಹಾಕಿದೆ.

"ಅಮ್ಮಾ, ಸೆಲೆಕ್ಟ್ ಆಯ್ತು! ನಿನ್ನ ರಂಗೋಲಿ ಪ್ರಿಂಟ್ ಆಗುತ್ತೆ!"

ನನ್ನ ಮಗಳು. ಮೈಸೂರಿನ ಕಾಲೇಜಿನಲ್ಲಿ ಮಾಧ್ಯಮದ ಡಿಗ್ರಿ ಓದುತ್ತಿದ್ದಳು, ಕೊನೆಯ ವರ್ಷ. ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮೂರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಆ ವರ್ಷ ಅವಳಿಗೊಂದು ಡಿಸೈನ್ ಪ್ರಾಜೆಕ್ಟ್ ಇತ್ತು. ನನ್ನ ರಂಗೋಲಿ ಪುಸ್ತಕದಿಂದ ಹನ್ನೆರಡು ರಂಗೋಲಿ ಆರಿಸಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ತಿಂಗಳಿಗೊಂದರಂತೆ ಕ್ಯಾಲೆಂಡರ್ ಮಾಡಿದ್ದಳು. ಕಾಲೇಜಿನವರೇ ಅದನ್ನು ಅಚ್ಚು ಹಾಕಿಸುತ್ತಾರಂತೆ.

"ಒಂದು ಫಾರಂ ತರ್ತೀನಿ, ನೀನು ಸೈನ್ ಹಾಕ್ಬೇಕು. ಸೋಮವಾರ ಕೊಡೋಕೆ ಲಾಸ್ಟು. ಕಾಪಿರೈಟ್ ಪೇಪರ್ ಇಲ್ದಿದ್ರೆ ಪ್ರಾಜೆಕ್ಟೇ ತಗೊಳಲ್ಲ ಅಂದ್ರು ಗೈಡು."

"ಏನಂತ ಬರೆದದೆ ಅದರಲ್ಲಿ?"

"ಈ ಚಿತ್ರಗಳು ನನ್ನ ಸ್ವಂತ ರಚನೆ, ಬೇರೆ ಯಾರಿಗೂ ಇವುಗಳ ಮೇಲೆ ಹಕ್ಕಿಲ್ಲ ಅಂತ. ಅಷ್ಟೆ."

ಅಷ್ಟೆ. ನನ್ನ ಕೈಯಲ್ಲಿದ್ದ ಕಾಳು ಅಲ್ಲೇ ಜಜ್ಜಿಹೋಯಿತು.

ಏಕೆಂದರೆ ಆ ಪುಸ್ತಕ ನನ್ನದಲ್ಲ. ನನ್ನ ಓರಗಿತ್ತಿಯದು, ಯಜಮಾನರ ಅಣ್ಣನ ಹೆಂಡತಿಯದು. ನಾನು ಅಕ್ಕ ಅನ್ನುವುದು ಅವಳನ್ನೇ. ನಾನು ಹಂಪಾಪುರದ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅಕ್ಕ ಬಂದು ನಾಲ್ಕು ವರ್ಷವಾಗಿತ್ತು. ಅಕ್ಕನ ಕೈ ಅಂಥದ್ದು. ಬೇರೆಯವರು ತಾವರೆ, ತೊಟ್ಟಿಲು, ನವಿಲು ಹಾಕಿದರೆ ಅಕ್ಕ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಕಡ್ಡಿಗೆ ಸೊಪ್ಪು ಕಟ್ಟುವಾಗ ಎಲೆ ಮೇಲೆ ಎಲೆ ಕೂರುವುದನ್ನು ನೋಡಿ ಅದನ್ನೇ ರಂಗೋಲಿ ಮಾಡುತ್ತಿದ್ದಳು. ಒಂದು ಸಲ ಜೇಡ ಬಲೆ ಕಟ್ಟಿದ್ದನ್ನು, ಇನ್ನೊಂದು ಸಲ ರಾಗಿ ತೆನೆ ಬಾಗಿದ್ದನ್ನು. ಹೊಳೆದ ಕೂಡಲೇ ಒಂದು ಪುಸ್ತಕದಲ್ಲಿ ಬರೆದಿಡೋಳು. ಪಕ್ಕದಲ್ಲಿ ಚುಕ್ಕಿಯ ಲೆಕ್ಕ: ಹದಿನೈದರಿಂದ ಎಂಟು, ಮಧ್ಯ ಚುಕ್ಕಿ.

ಎಂಟು ವರ್ಷದ ಹಿಂದೆ ಮನೆ ಪಾಲಾಯಿತು. ಅಂಗಳಕ್ಕೆ ಗೋಡೆ ಬಂತು. ಬಾವಿಗೆ ಹೋಗುವ ದಾರಿ ಯಾರದೆಂದು ಅಣ್ಣತಮ್ಮಂದಿರು ಕೋರ್ಟಿಗೆ ಹೋದರು. "ಆ ಹೊಸ್ತಿಲು ತುಳಿದ ಕಾಲು ಈ ಹೊಸ್ತಿಲು ತುಳೀಬಾರ್ದು" ಅಂತ ಯಜಮಾನರು ಹೇಳಿದರು. ಗೋಡೆಯ ಆಚೆಯೂ ಅದೇ ಮಾತು ಹೇಳಿದ್ದಾರೆ ಅಂತ ಕೇಳಿದೆ. ಪಾತ್ರೆ ಪಗಡೆ ಹಂಚುವಾಗ ರಂಗೋಲಿ ಪುಡಿಯ ತಗಡಿನ ಡಬ್ಬ ನಮ್ಮ ಪಾಲಿಗೆ ಬಂತು. ವಾರ ಕಳೆದು ತೆಗೆದು ನೋಡಿದರೆ ತಳದಲ್ಲಿ ಅಕ್ಕನ ಪುಸ್ತಕ.

ಕೊಡಬೇಕಿತ್ತು. ಕೊಡೋಣ ಅಂತಲೇ ಇದ್ದೆ. ಯಾರ ಕೈಲಿ ಕಳಿಸಲಿ, ಹೆಂಗೆ ಹೋಗಲಿ ಅನ್ನುವುದರಲ್ಲೇ ತಿಂಗಳು ಕಳೆಯಿತು. ಆಮೇಲೆ ಒಂದು ಶುಕ್ರವಾರ ನಾನು ಮಾಡಿದ ಕೆಲಸ ಹೇಳುತ್ತೇನೆ. ಪುಸ್ತಕದ ಮೊದಲ ಹಾಳೆಯಲ್ಲಿ ಅಕ್ಕನ ಹೆಸರಿತ್ತು. ಹಳೇ ಕ್ಯಾಲೆಂಡರಿನಿಂದ ಲಕ್ಷ್ಮಿಯ ಪಟ ಕತ್ತರಿಸಿ, ಗಂಜಿ ಹಚ್ಚಿ, ಆ ಹೆಸರಿನ ಮೇಲೆ ಅಂಟಿಸಿದೆ. ದೇವರ ಪಟ ಅಂಟಿಸಿದರೆ ನಮ್ಮಲ್ಲಿ ಯಾರೂ ಕೀಳುವುದಿಲ್ಲ. ಅದು ಗೊತ್ತಿದ್ದೇ ಅಂಟಿಸಿದೆ.

ಎರಡು ತಿಂಗಳ ಹಿಂದೆ ಮಗಳು ಆ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದಿದ್ದಳು. ಮೊಬೈಲನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ರೆಕಾರ್ಡಿಗೆ ಇಟ್ಟಳು.

"ನಿಮ್ಮ ಹೆಸರು, ವಯಸ್ಸು ಹೇಳಿ."

"ಏಯ್, ನನ್ನ ಹೆಸರು ಗೊತ್ತಿಲ್ವೇನೇ ನಿಂಗೆ?"

"ಗೊತ್ತಿಲ್ಲದವಳ ಥರ ಕೇಳ್ಬೇಕಮ್ಮ. ಅದೇ ರಿಸರ್ಚು. ಹೇಳಿ, ಈ ರಂಗೋಲಿಗಳನ್ನ ಯಾರು ಬರೆದಿದ್ದು?"

ಒಲೆ ಮೇಲೆ ಸಾರು. ನನ್ನ ಬೆನ್ನು ಅವಳ ಕಡೆ. "ನಾನೇ ಕಣವ್ವ" ಅಂದೆ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ನನ್ನನ್ನು ಯಾರೂ ಏನನ್ನೂ ಹಂಗೆ ಕೂತು ಕೇಳಿರಲಿಲ್ಲ. ಉಪ್ಪು ಕಮ್ಮಿಯಾ, ನೀರು ಬಂತಾ, ಬಟ್ಟೆ ಒಣಗಿತಾ, ಇವು ಬಿಟ್ಟರೆ ಬೇರೆ ಪ್ರಶ್ನೆ ಇಲ್ಲ. ಕೇಳಿದ ಖುಷಿಗೆ ಬಾಯಿ ಜಾರಿತು ಅನ್ನಬಹುದು. ಆದರೆ ಅವಳು ಬಿಡಲಿಲ್ಲ.

"ಈ ಅಕ್ಷರ ನಿಂದಲ್ವಲ್ಲಮ್ಮ?"

"ಮದುವೆಯಾದ ಹೊಸದ್ರಲ್ಲಿ ನನ್ನ ಅಕ್ಷರ ಹಂಗೇ ಇತ್ತು."

ಮೊದಲನೆಯದು ಜಾರಿದ್ದು. ಎರಡನೆಯದು ನಾನೇ ಕೂರಿಸಿದ್ದು.

ಮಂಗಳವಾರ ಸಂಜೆ ಫಾರಂ ಬಂತು. ಯಜಮಾನರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಈ ಓದಿಗೆ ಅವರು ಒಪ್ಪಿದ್ದೇ ಕಷ್ಟದಲ್ಲಿ. "ಮೈಕು ಹಿಡ್ಕೊಂಡು ಬೀದಿ ಬೀದಿ ಅಲೆಯೋ ಓದು" ಅನ್ನುತ್ತಿದ್ದರು. ಅವತ್ತು ಚಪ್ಪಲಿ ಬಿಡುತ್ತಲೇ ನಗುತ್ತಾ ಬಂದರು.

"ಏನಮ್ಮಿ, ನೀನು ಫೇಮಸ್ ಆಗೋದೆ! ಟೀ ಅಂಗ್ಡೀಲಿ ಎಲ್ರಿಗೂ ಹೇಳಿವ್ನಿ. ಗೋಡೆ ಆಚೆಗೂ ಕೇಳ್ಲಿ ಅಂತ ಜೋರಾಗೇ ಹೇಳ್ದೆ."

ಮಗಳು ಪೆನ್ನು ಕೊಟ್ಟಳು. ನಾನು ಗೋಡೆಯ ಕಡೆ ನೋಡಿದೆ.

"ಇವತ್ತು ಮಂಗಳವಾರ. ಒಳ್ಳೆ ಕೆಲಸಕ್ಕೆ ಸೈನು ಬೇಡ" ಅಂದೆ.

ಬುಧವಾರ, ನಾಳೆ ಅಮಾವಾಸ್ಯೆ, ಇವತ್ತು ಶುಭ ಕೆಲಸಕ್ಕಾಗದ ತೆರವು ದಿನ ಅಂದೆ. ಗುರುವಾರ, ಅಮಾವಾಸ್ಯೆ ದಿನವೇ ಯಾರು ಸೈನು ಹಾಕುತ್ತಾರೆ ಅಂದೆ. ದೇವರನ್ನು ಹಂಗೆ ಅಡ್ಡ ಇಟ್ಟುಕೊಂಡು ಮೂರು ದಿನ ತಳ್ಳಿದೆ. ದೇವರು ಏನೂ ಅನ್ನಲಿಲ್ಲ. ಮಗಳು ಮಾತ್ರ, "ನಿನ್ನ ಪಂಚಾಂಗಕ್ಕಿಂತ ನಮ್ಮ ಗೈಡೇ ವಾಸಿ" ಅಂತ ಗೊಣಗಿದಳು.

ಆ ಮೂರು ದಿನ ನಾನು ಅಡಕತ್ತರಿಗೆ ಸಿಕ್ಕ ಅಡಕೆ. ಸೈನು ಹಾಕಿದರೆ ಸುಳ್ಳಿಗೆ ಸರ್ಕಾರಿ ಕಾಗದದ ಹಾಗೆ ಮೊಹರು ಬಿದ್ದಂತೆ. ಹಾಕದಿದ್ದರೆ ಮಗಳ ವರ್ಷ ಹೋಯಿತು. ಒಂದು ವರ್ಷ ಹೋದರೆ ಯಜಮಾನರು ಮತ್ತೆ ಕಳಿಸುವುದಿಲ್ಲ, ಅದಂತೂ ಖಂಡಿತ. ನಿಜ ಹೇಳಿದರೆ ಅಕ್ಕನ ಒಪ್ಪಿಗೆ ಬೇಕು, ಅಕ್ಕನ ಒಪ್ಪಿಗೆಗೆ ಆ ಹೊಸ್ತಿಲು ತುಳಿಯಬೇಕು. ಸಂಜೆ ದೀಪ ಹಚ್ಚುವಾಗ ಅವತ್ತಿನ ಒಳ್ಳೆಯದನ್ನು ನೆನೆಯುವುದು ನನ್ನ ಅಭ್ಯಾಸ. ನಲ್ಲಿ ನೀರು ಹೊತ್ತಿಗೆ ಸರಿಯಾಗಿ ಬಂತು, ಹಾಲು ಒಡೆಯಲಿಲ್ಲ, ಮಗಳು ಕತ್ತಲಾಗುವ ಮುಂಚೆ ಬಂದಳು, ಹೀಗೆ. ಆ ಮೂರು ಸಂಜೆ ನೆನೆಯಲು ಕೂತರೆ ಲಕ್ಷ್ಮಿಯ ಪಟ ಕಣ್ಣ ಮುಂದೆ ಬರುತ್ತಿತ್ತು, ಅದರ ಅಡಿಯಲ್ಲಿ ಅಕ್ಕನ ಹೆಸರು.

ಶುಕ್ರವಾರ ಬೆಳಗಿನ ಜಾವ ಗುಡಿಯ ಮುಂದೆ ರಂಗೋಲಿ ಹಾಕುವ ಸರದಿ ನನ್ನದು. ಧನುರ್ಮಾಸದಲ್ಲಿ ನಮ್ಮ ಬೀದಿಯ ಏಳು ಮನೆಯವರು ದಿನಕ್ಕೊಬ್ಬರಂತೆ ರಾಮಮಂದಿರದ ಅಂಗಳ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಡುತ್ತೇವೆ. ಇವತ್ತು ಹಾಕಿದ್ದನ್ನು ನಾಳೆಯವರು ಗುಡಿಸಬೇಕು. ನನ್ನದು ಶುಕ್ರವಾರ. ಅಕ್ಕನದು ಶನಿವಾರ. ಪಾಲಾಗುವುದಕ್ಕೆ ಮುಂಚೆಯೇ ಗೊತ್ತಾಗಿದ್ದ ಸರದಿ ಅದು, ಯಾರೂ ಬದಲಾಯಿಸಲಿಲ್ಲ. ಎಂಟು ವರ್ಷ ನಾನು ಅಕ್ಕನ ಪುಸ್ತಕದಿಂದಲೇ ಹಾಕಿದ್ದೇನೆ. ಮಾರನೆಯ ದಿನ ಅಕ್ಕ ಬಂದು ಅದನ್ನು ಗುಡಿಸಿದ್ದಾಳೆ. ಈ ಎಂಟು ವರ್ಷದಲ್ಲಿ ಒಂದು ಸಲವೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ಆ ಶುಕ್ರವಾರ ಹೊಗೆಸೊಪ್ಪಿನ ರಂಗೋಲಿಯ ಕೊನೆಯ ಎಲೆ ಎಳೆಯುವಾಗ ಹೊಳೆಯಿತು.

ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಗಳು ಮತ್ತೆ ಫಾರಂ ತಂದಳು. "ಇವತ್ತು ಶುಕ್ರವಾರ, ಅಮಾವಾಸ್ಯೆ ಕಳೀತು. ಇನ್ನೇನು ಕುಂಟುನೆಪ?"

"ರಂಗೋಲಿಗೆಲ್ಲಾ ಎಂಥ ಹಕ್ಕು ಕಣವ್ವ? ಗುಡಿ ಮುಂದೆ ಹಾಕಿದ್ದು ದೇವರಿಗೆ ಸೇರ್ತು."

"ದೇವರು ಸೈನ್ ಹಾಕಲ್ವಲ್ಲಮ್ಮ." ನಕ್ಕಳು. ಆಮೇಲೆ ಕಲ್ಲಿನ ಮೇಲೆ ಕೂತು, ಕ್ಲಾಸಿನಲ್ಲಿ ಹೇಳಿದ್ದನ್ನು ನನಗೆ ತಿಳಿಯುವ ಹಾಗೆ ಹೇಳಿದಳು. ಮುತ್ತಜ್ಜಿ ಕಾಲದ ತಾವರೆ, ತೊಟ್ಟಿಲು ಯಾರೊಬ್ಬರದೂ ಅಲ್ಲ, ಯಾರು ಬೇಕಾದರೂ ಹಾಕಬಹುದು. ಆದರೆ ಒಬ್ಬರು ತಮ್ಮ ತಲೆಯಿಂದ ಹೊಸದಾಗಿ ಬರೆದು ಕಾಗದದ ಮೇಲೆ ಇಟ್ಟರೆ ಅದು ಅವರದು. ಫೋಟೋ ತೆಗೆದವರದ್ದಲ್ಲ. ಬಣ್ಣ ತುಂಬಿದವರದ್ದೂ ಅಲ್ಲ. "ಪುಸ್ತಕ ಯಾರ ಮನೇಲಿದೆಯೋ ಅವರದ್ದೂ ಅಲ್ಲ."

ಅವಳು ಸುಮ್ಮನೆ ಹೇಳಿದ್ದು. ನನಗೆ ತಡೆಯಲಾಗಲಿಲ್ಲ.

"ಅದು ನಿಮ್ಮ ದೊಡ್ಡಮ್ಮಂದು" ಅಂದೆ.

ಅವಳು ಮೊದಲು ನಂಬಲಿಲ್ಲ. ಡಬ್ಬದ ಕತೆ, ಪಟದ ಕತೆ ಎಲ್ಲಾ ಹೇಳಿದೆ. ಹೇಳುತ್ತಾ ಹೇಳುತ್ತಾ ಅವಳ ಮುಖ ನನ್ನ ಮಗಳ ಮುಖವಾಗಿ ಉಳಿಯಲಿಲ್ಲ, ರೆಕಾರ್ಡ್ ಇಟ್ಟು ಕೇಳಿದ ಆ ಪರಕೀಯಳ ಮುಖವೇ ಆಯಿತು.

"ಐದನೇ ಕ್ಲಾಸಲ್ಲಿ ಪಕ್ಕದವಳ ಡ್ರಾಯಿಂಗ್ ನಂದು ಅಂದಿದ್ದಕ್ಕೆ ಬರೆ ಹಾಕ್ತೀನಿ ಅಂತ ಸೌಟು ಕಾಯಿಸಿದ್ದೆಯಲ್ಲಮ್ಮ ನೀನು."

ನೆನಪಿತ್ತು. ಸೌಟು ಅದೇ, ಈಗಲೂ ಇದೆ.

"ಎಲ್ಲಾ ಪುಟದಲ್ಲೂ ನಿನ್ನ ಹೆಸರು ಬರೆದಿದೀನಿ. ಮೂರು ದಿನದಲ್ಲಿ ಬೇರೆ ಪ್ರಾಜೆಕ್ಟ್ ಆಗಲ್ಲ" ಅಂದಳು. ಫಾರಂ ಮಡಚಿ, "ನಾನೇ ಹೋಗಿ ದೊಡ್ಡಮ್ಮನ್ನ ಕೇಳ್ತೀನಿ."

"ಬೇಡ. ಅಂಟಿಸಿದವಳು ನಾನು."

ರಾತ್ರಿ ಊಟದ ಪಾತ್ರೆ ಬೋರಲು ಹಾಕುವ ಮುಂಚೆ, ಒದ್ದೆ ಬಟ್ಟೆಯನ್ನು ಆ ಪಟದ ಮೇಲೆ ಹಾಸಿಟ್ಟೆ. ಗಂಜಿ ನೆನೆಯಿತು. "ತಾಯಿ, ಕ್ಷಮಿಸು" ಅಂತ ಹೇಳಿ ಒಂದು ಮೂಲೆಯಿಂದ ಎಬ್ಬಿಸಿದೆ. ಲಕ್ಷ್ಮಿಯ ಒಂದು ಕೈ ಮಾತ್ರ ಹರಿಯಿತು, ಹೂವು ಹಿಡಿದ ಕೈ. ಕೆಳಗೆ ಅಕ್ಕನ ಹೆಸರು ನೀಲಿ ಇಂಕಿನಲ್ಲಿ ಹಂಗೇ ಇತ್ತು. ಒಂದು ಅಕ್ಷರವೂ ಮಾಸಿರಲಿಲ್ಲ.

ಗುಡಿಗೆ ಹೋದರೆ ಹೊಸ್ತಿಲು ತುಳಿದ ಹಾಗಲ್ಲ. ಅಷ್ಟು ದಾರಿಯನ್ನು ದೇವರು ಉಳಿಸಿದ್ದ. ಶನಿವಾರ ಬೆಳಗಿನ ಜಾವ, ಯಜಮಾನರಿಗೆ ದೇವರ ದರ್ಶನ ಅಂತ ಹೇಳಿ, ಪುಸ್ತಕವನ್ನೂ ಫಾರಮ್ಮನ್ನೂ ಸೆರಗಲ್ಲಿಟ್ಟುಕೊಂಡು ಹೋದೆ. ಮಂಜು ದಟ್ಟವಾಗಿತ್ತು. ಅಕ್ಕ ಪೊರಕೆ ಹಿಡಿದು ನನ್ನ ನಿನ್ನೆಯ ರಂಗೋಲಿಯ ಮುಂದೆ ನಿಂತಿದ್ದಳು. ಗುಡಿಸಲು ಶುರುಮಾಡಿರಲಿಲ್ಲ. ತಲೆ ಎತ್ತಲಿಲ್ಲ.

"ಏನಮ್ಮಿ, ಇವತ್ತು ನಿನ್ ಸರದಿ ಅಲ್ವಲ್ಲ."

ಎಂಟು ವರ್ಷದ ಮೇಲೆ ಅಕ್ಕ ನನಗೆ ಹೇಳಿದ ಮೊದಲ ಮಾತು ಅದು. ನಾನು ಪುಸ್ತಕ ಚಾಚಿದೆ. ಪೊರಕೆ ಕಂಕುಳಿಗೆ ಸಿಕ್ಕಿಸಿ ತೆಗೆದುಕೊಂಡಳು, ಮೊದಲ ಹಾಳೆ ತಿರುಗಿಸಿದಳು. ಗಂಜಿಯ ಕಲೆಯ ಮೇಲೆ ಬೆರಳು ಆಡಿಸಿದಳು.

"ಇಲ್ಲೇನು ಅಂಟ್ಸಿದ್ದೆ?"

"ಲಕ್ಷ್ಮೀನ."

"ಅವಳೇನು ಮಾಡಿದ್ಲೇ ನಿಂಗೆ, ಕಾವಲು ಕೂರ್ಸೋಕೆ?"

ನನಗೆ ಅಳು ಬಂತು. ಅಕ್ಕನಿಗೆ ಬರಲಿಲ್ಲ. "ಎಂಟು ವರ್ಸ ನನ್ ರಂಗೋಲೀನ ನಾನೇ ಗುಡಿಸ್ತಾ ಇವ್ನಿ ಕಣೆ. ನನ್ ಕೈ ನಂಗೆ ಗೊತ್ತಾಗಕಿಲ್ವಾ? ಇವತ್ತು ಕೊಟ್ಟಾಳು, ನಾಳೆ ಕೊಟ್ಟಾಳು ಅಂತ ನೋಡ್ದೆ. ಆಮೇಲೆ, ಓಗ್ಲಿ ಬುಡು, ಹಾಕ್ತಾವ್ಳಲ್ಲ ಅಂತ ಸುಮ್ನಾದೆ." ಕಾಲಿನಿಂದ ಒಂದು ಎಲೆ ತೋರಿಸಿದಳು. "ಈ ಸೊಪ್ಪಿನ ತೊಟ್ಟು ಯಾವಾಗ್ಲೂ ತಪ್ಪು ಕಡೆ ತಿರುಗಿಸ್ತೀಯ. ಹೇಳೋಣ ಅಂದ್ರೆ ಮಾತಿಲ್ಲ."

ನಾನು ಮಗಳ ವಿಚಾರ ಹೇಳಿದೆ. ಸೋಮವಾರ ಕೊನೆ ಅಂತ ಹೇಳಿದೆ. ಅಕ್ಕನ ಹೆಸರನ್ನೇ ಪ್ರತಿ ಪುಟದಲ್ಲೂ ಹಾಕುತ್ತೇವೆ, ಒಪ್ಪಿಗೆ ಕೊಡು ಅಂದೆ.

ಅಕ್ಕ ತಲೆ ಅಲ್ಲಾಡಿಸಿದಳು. "ಹೆಸರಾ? ಸಾಯ್ಲಿ. ನಿಮ್ ಬಾವ ಕಂಡ್ರೆ, ಪುಸ್ತಕ ಆ ಮನೆಗೆ ಎಂಗೆ ಓಯ್ತು, ನೀನೇ ಕೊಟ್ಯಾ, ಕದ್ದು ಓಡಾಡ್ತಿದ್ದೀಯಾ ಅಂತ ಸುರು ಮಾಡ್ತಾರೆ. ಕಳ್ತನ ಅಂತ ಅದ್ನೂ ಕೋರ್ಟಿಗೆ ಎಳೀತಾರೆ. ನಿಂಗೊಂದು ಬೋನು, ನಂಗೊಂದು ಬೋನು ಕಣಮ್ಮಿ." ಫಾರಂ ಕೈಗೆ ತೆಗೆದುಕೊಂಡು, "ಸೈನ್ ಆಕ್ತೀನಿ. ಮಗಾ ಓದ್ಲಿ. ಹೆಸರು ಮಾತ್ರ ಎಲ್ಲೂ ಅಚ್ಚಾಗ್ಬಾರ್ದು. ನಂದೂ ಬೇಡ, ನಿಂದಂತೂ ಬೇಡ. ಯಾರಿಗೂ ಬಾಯಿ ಬುಡಬ್ಯಾಡ."

"ನಿನ್ ಕೈಯಾರೆ ಹಾಕಿದ್ದು ಯಾರದ್ದೂ ಅಲ್ದಂಗೆ ಆಯ್ತದಲ್ಲಕ್ಕ."

"ದಿನಾ ಗುಡಿಸೋದ್ಕೆ ಯಾರ ಹೆಸರು?" ಅಂದಳು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೆ. ಗುಡಿಯ ಜಗಲಿಯ ಮೇಲೆ ಫಾರಂ ಇಟ್ಟು, ನನ್ನ ಹೆಸರು ಹೊಡೆದುಹಾಕಿ, ತನ್ನದು ಬರೆದು ಸೈನು ಹಾಕಿದಳು. ಅದೇ ಅಕ್ಷರ. ಪುಸ್ತಕವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಇನ್ಮೇಲೆ ಶುಕ್ರವಾರ ನಿಂದೇ ಏನಾರ ಆಕು" ಅಂತ ಹೇಳಿ ಪೊರಕೆ ಎತ್ತಿದಳು. ಸೊಪ್ಪಿನ ರಂಗೋಲಿ ಮೂರೇ ಎಳೆತಕ್ಕೆ ಹೋಯಿತು.

ಮಗಳು ಭಾನುವಾರ ಪೂರ್ತಿ ಕೂತು ಪುಟಗಳನ್ನು ತಿದ್ದಿದಳು. ಬರೆದವರು ಹೆಸರು ಬೇಡ ಅಂದರೆ ಹಾಕದೇ ಇರುವುದೂ ಅವರ ಹಕ್ಕೇ ಅಂತೆ. ಒಪ್ಪಿಗೆಯ ಕಾಗದ ಕಾಲೇಜಿನ ಕಡತದಲ್ಲಿ ಇರುತ್ತದೆ, ಹೊರಗೆ ತೋರಿಸುವುದಿಲ್ಲ. ಸೋಮವಾರ ಪ್ರಾಜೆಕ್ಟ್ ತೆಗೆದುಕೊಂಡರು. ಮುಂದೆ ಪಾಸೂ ಆದಳು. ಅವಳ ಬರಹದಲ್ಲಿ ಸಂಶೋಧನೆಯ ಭಾಗವೇ ಚೆನ್ನಾಗಿದೆ ಅಂತ ಗೈಡು ಹೇಳಿದರಂತೆ. ನಾನು ಕೇಳಿ ತರಿಸಿಕೊಂಡು ಓದಿದೆ. ಅದರಲ್ಲಿ ಒಂದು ಸಾಲು ಹೀಗಿದೆ: "ಮಾಹಿತಿದಾರರು ಒಂದು, ಮೊದಲ ಸಂದರ್ಶನದಲ್ಲಿ ನಿಜ ಹೇಳಿರಲಿಲ್ಲ. ಹಾಗಾಗಿ ಒಬ್ಬರ ಮಾತನ್ನು ಇನ್ನೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಅಗತ್ಯ." ಮಾಹಿತಿದಾರರು ಒಂದು ಅಂದರೆ ನಾನು. ಹೆಸರಿಲ್ಲ, ಬೈಗುಳವಿಲ್ಲ. ಬರೆ ಹಾಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಯುಗಾದಿಗೆ ಸರಿಯಾಗಿ ಕ್ಯಾಲೆಂಡರ್ ಬಂತು. ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ, "ರಂಗೋಲಿಗಳು: ಹುಣಸೂರು ತಾಲ್ಲೂಕಿನ ಒಬ್ಬ ಗೃಹಿಣಿ. ಅವರ ಲಿಖಿತ ಒಪ್ಪಿಗೆಯ ಮೇರೆಗೆ." ಊರಲ್ಲಿ ಅದನ್ನು ನೋಡಿದವರೆಲ್ಲ ನನ್ನ ಕಡೆ ನೋಡಿ ನಕ್ಕರು. ಯಜಮಾನರು ಒಂದನ್ನು ಟೀ ಅಂಗಡಿಯಲ್ಲಿ ತಾವೇ ಮೊಳೆ ಹೊಡೆದು ನೇತುಹಾಕಿ ಬಂದರು. "ಹೆಸರು ಹಾಕ್ಕೊಳಕ್ಕೂ ನಾಚ್ಕೆ ನಮ್ಮೋಳಿಗೆ" ಅಂದರಂತೆ. ಅಲ್ಲ ಅನ್ನಬೇಕು ಅಂತ ಬಾಯಿ ತೆರೆದರೆ ಗುಡಿ ಮುಂದೆ ಕೊಟ್ಟ ಮಾತು ಅಡ್ಡ ಬರುತ್ತದೆ. ಒಂದು ಕಾಲದಲ್ಲಿ ಕದ್ದು ಪಡೆದ ಹೊಗಳಿಕೆಯನ್ನು ಈಗ ಬೇಡವೆಂದರೂ ಬಲವಂತವಾಗಿ ಬಡಿಸುತ್ತಿದ್ದಾರೆ. ಎಲೆ ಮುಚ್ಚಿ ಏಳುವ ಹಾಗಿಲ್ಲ.

ಇತ್ತೀಚೆಗೆ ಮನೆ ಮುಂದೆ ನನ್ನದೇ ಏನೋ ಹಾಕುತ್ತೇನೆ. ಚುಕ್ಕಿ ಸೊಟ್ಟ, ಎಳೆ ದಪ್ಪ. "ಅಚ್ಚಾದ ಮೇಲೆ ನಿಂಗೆ ಕೊಬ್ಬು ಬಂದದೆ, ಗೀಚ್ತಾ ಇದ್ದೀಯ" ಅಂತ ಯಜಮಾನರು ಹೇಳುತ್ತಾರೆ. ಹೂಂ ಅನ್ನುತ್ತೇನೆ.

ಲಕ್ಷ್ಮಿಯ ಪಟ, ಕೈ ಹರಿದದ್ದು, ದೇವರ ಮನೆಯಲ್ಲಿದೆ. ಅದರ ಮುಂದೆ ಕೂತು ಒಳ್ಳೆಯದನ್ನು ನೆನೆಯುತ್ತೇನೆ. ಮಗಳು ಓದು ಮುಗಿಸಿದಳು. ಅಕ್ಕನ ಪುಸ್ತಕ ಅಕ್ಕನ ಹತ್ತಿರ ಸೇರಿತು. ಸೊಪ್ಪಿನ ತೊಟ್ಟು ಯಾವ ಕಡೆ ತಿರುಗಬೇಕು ಅಂತ ನನಗೆ ಈಗ ಗೊತ್ತು, ಹಾಕುವ ಹಾಗಿಲ್ಲ ಅಷ್ಟೆ.

ಮೊನ್ನೆ ಬೀದಿಯ ಕೊನೆಯ ಮನೆಯಾಕೆ ಕ್ಯಾಲೆಂಡರ್ ಹಿಡಿದುಕೊಂಡು ಬಾಗಿಲಿಗೇ ಬಂದಳು. ಪಕ್ಕದಲ್ಲಿ ಅವಳ ಹೊಸ ಸೊಸೆ.

"ಇವರೇ ಕಣವ್ವ ಬರೆದೋರು. ಕಾಲಿಗೆ ಬೀಳು, ಕೈ ತಿರುಗ್ತದೆ."

ಆ ಹುಡುಗಿ ಬಗ್ಗಿದಳು. ಗೋಡೆಯ ಆಚೆ ಯಾರೋ ಬಾವಿಯಿಂದ ಕೊಡ ಎತ್ತುತ್ತಿದ್ದವರು ನಿಲ್ಲಿಸಿದರು, ಹಗ್ಗದ ಸದ್ದು ನಿಂತಿತು. ನಾನು ಹುಡುಗಿಯ ತಲೆ ಮುಟ್ಟಿ, "ಚೆನ್ನಾಗಿರವ್ವ" ಅಂದೆ. ಹಗ್ಗ ಮತ್ತೆ ಓಡಿತು.

ಒಳಗೆ ಮುದ್ದೆಗೆ ಇಟ್ಟಿದ್ದ ಎಸರು ಕುದಿಯುತ್ತಿತ್ತು. ಹಿಟ್ಟು ಹಾಕಲು ಹೋದೆ.